ಆರನೆಯ ಇಸ್ತ್ರಿಪೆಟ್ಟಿಗೆ

ಮೊನ್ನೆ ಹಲಸೂರಿನ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಸಾರ್, ನೀವು ಟೈಲರ್ ಅಂಗಡಿ ಬಿ.ಎಸ್ಸಿ. ಸಾರ್ ಅಲ್ವಾ?" ಎಂದು ಕೇಳಿದಳು. ನನ್ನನ್ನು ಹಾಗೆ ಕರೆಯುತ್ತಿದ್ದವರು ಲೋಕದಲ್ಲಿ ಒಬ್ಬರೇ. ತಿರುಗಿ ನೋಡಿದೆ. ಅವರ ಮಗಳು. ತಲೆ ಅರ್ಧ ನರೆತಿತ್ತು, ಹುಬ್ಬು ಮಾತ್ರ ಅಪ್ಪನದೇ.

"ಅಪ್ಪ ಹೋಗಿ ಮೂರು ತಿಂಗ್ಳಾಯ್ತು" ಎಂದಳು.

ಕೈಯಲ್ಲಿದ್ದ ನುಗ್ಗೆಕಾಯಿಯನ್ನು ಕೆಳಗಿಟ್ಟೆ. ಅವಳೇ ನಕ್ಕಳು. "ಕೊನೇ ವಾರದಲ್ಲೂ ಸುಮ್ನಿರ್ಲಿಲ್ಲ ಸಾರ್. ಮಂಚದ ಮೇಲಿಂದ್ಲೇ ಕೈ ಚಾಚಿ ಗೋಡೆ ಮುಟ್ಟಿ ನೋಡೋದು, ಆ ವೈರ್‌ನ ಒಲೆ ಕಡೆಯಿಂದ ಈ ಕಡೆಗೆ ತಿರುಗ್ಸು ಅಂತ ನಮ್ಮನೆಯವ್ರಿಗೆ ಹೇಳೋದು. ತಿರುಗ್ಸೋವರ್ಗೂ ಔಷಧಿ ಕುಡೀಲಿಲ್ಲ."

ನನಗೂ ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿ ಕೇಳಿ ಮಾರುಕಟ್ಟೆಯ ನಡುವೆ ನಗುತ್ತಾ ನಿಂತ ನಮ್ಮಿಬ್ಬರನ್ನು ತರಕಾರಿಯವನು ವಿಚಿತ್ರವಾಗಿ ನೋಡಿದ. ಅವನಿಗೆ ಆ ಮನುಷ್ಯ ಗೊತ್ತಿರಲಿಲ್ಲ, ಪಾಪ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ಮೂರು ಹೆಸರಿದ್ದವು. ತಾಯಿ ಇಟ್ಟದ್ದೊಂದು, ಮಿಲಿಟರಿ ಬ್ಯಾರಕ್ಕಿನಲ್ಲಿ ಕೆಲಸಕ್ಕೆ ಸೇರಿದಾಗ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡದ್ದು ಇನ್ನೊಂದು, ಬೌದ್ಧ ವಿಹಾರಕ್ಕೆ ಹೋಗತೊಡಗಿದ ಮೇಲೆ ತಾವೇ ಇಟ್ಟುಕೊಂಡದ್ದು ಮೂರನೆಯದು. ಯಾವುದನ್ನು ಬರೆದರೂ ಉಳಿದೆರಡು ಮುನಿಸಿಕೊಂಡಾವು. ದಂಡಿನ, ಅಂದರೆ ಕಂಟೋನ್ಮೆಂಟಿನ, ಜನ ಅವರನ್ನು ಲೈಟ್ ಮೇಸ್ತ್ರಿ ಎನ್ನುತ್ತಿದ್ದರು. ನನಗೂ ಅಷ್ಟು ಸಾಕು.

ಮರ್ಫಿ ಟೌನಿನಲ್ಲಿ ಅವರ ಮನೆ. ಸೈಕಲ್ಲಿನ ಹಿಂದೆ ಒಂದು ಬಿದಿರೇಣಿ, ಮುಂದೆ ಹ್ಯಾಂಡಲಿಗೆ ಕ್ಯಾನ್ವಾಸ್ ಚೀಲ. ಯಾರ ಮನೆಗೆ ಹೋದರೂ ಮೊದಲು ಮನೆಯವರಿಗೆ ನಮಸ್ಕಾರವಿಲ್ಲ. ಬಲಗೈ ಅಂಗೈಯನ್ನು ಗೋಡೆಗೆ ಒತ್ತಿ, ಜ್ವರ ನೋಡುವ ಡಾಕ್ಟರರಂತೆ ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಿದ್ದರು. ಆಮೇಲೆ ಚಾವಣಿಯ ಕಡೆ ನೋಡುತ್ತಿದ್ದರು. ಆಮೇಲೆ ಯಜಮಾನರ ಕಡೆ. ಚೀಲದಲ್ಲಿ ಇಕ್ಕಳ, ಸ್ಕ್ರೂಡ್ರೈವರುಗಳ ಜೊತೆಗೆ ಯಾವಾಗಲೂ ಮೂರು ಮೇಣದಬತ್ತಿ. ಕರೆಂಟು ಹೋದರೆ ಬೆಳಕಿಗೆಂದು ನಾವು ಭಾವಿಸಿದ್ದೆವು.

ತಂತಿಯನ್ನು ಅವರು ಜೀವವಿರುವ ವಸ್ತುವೆಂದೇ ನಂಬಿದ್ದರು. ಒಮ್ಮೆ ಯಾವುದೋ ಮದುವೆಯ ಚಪ್ಪರದಲ್ಲಿ, ಉದ್ದನೆಯ ವೈರಿನ ಸುರುಳಿಯನ್ನು ಬಿಚ್ಚದೆ ಹಾಗೇ ನೆಲದ ಮೇಲಿಟ್ಟು, ಅದರ ತುದಿಗೆ ನೀರು ಕಾಯಿಸುವ ದೊಡ್ಡ ಹೀಟರು ಸಿಕ್ಕಿಸಿದ್ದರಂತೆ. ಊಟಕ್ಕೆಂದು ಹೋಗಿದ್ದ ಮೇಸ್ತ್ರಿ ಎಲೆಯ ಮುಂದಿನಿಂದ ಎದ್ದುಬಿಟ್ಟರು. ಸುರುಳಿಯನ್ನು ಮುಟ್ಟಿ ನೋಡಿ, ಸ್ವಿಚ್ಚು ಆರಿಸಿ, ಚಪ್ಪರದ ಈ ಕೊನೆಯಿಂದ ಆ ಕೊನೆಯವರೆಗೆ ಇಡೀ ವೈರನ್ನು ಬಿಚ್ಚಿ ಹಾಸಿ, ಮತ್ತೆ ಹಚ್ಚಿದರು. "ಸುತ್ತಿಟ್ರೆ ಒಂದರ ಬಿಸಿ ಇನ್ನೊಂದಕ್ಕೆ ತಗಲ್ತಾ ಹೋಗುತ್ತೆ. ಅದಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?" ಎಂದು ಹೆಣ್ಣಿನ ತಂದೆಗೆ ಹೇಳಿ, ಬಂದು ಪಾಯಸ ಮುಗಿಸಿದರಂತೆ.

ನನಗೆ ಅವರ ಪರಿಚಯವಾದದ್ದು ಜಗಳದಿಂದ. ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಏಪ್ರಿಲ್. ನಾನು ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಸೋದರಮಾವನ ಟೈಲರ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದೆ. ಈಗಿನ ಶಿವಾಜಿನಗರವನ್ನು ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಅಲ್ಲಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಅಂಗಡಿ. ಕೆಳಗೆ ಅಳತೆ, ಕತ್ತರಿಕೆ. ಮೇಲೆ ಜಿಂಕ್ ಶೀಟಿನ ಚಾವಣಿಯ ಒಂದೇ ಉದ್ದ ಕೋಣೆ. ಅಲ್ಲಿ ಹೊಲಿಗೆಯವರು, ಇಸ್ತ್ರಿಯವರು ಸೇರಿ ಒಂಬತ್ತು ಜನ. ಹತ್ತಿಳಿಯಲು ಮರದ ಮೆಟ್ಟಿಲು ಒಂದೇ.

ಆ ತಿಂಗಳು ಮಾವನಿಗೆ ಎಂದೂ ಸಿಗದಂಥ ಆರ್ಡರು ಸಿಕ್ಕಿತ್ತು. ದಂಡಿನ ಹೆಸರಾಂತ ಬ್ಯಾಂಡ್ ತಂಡಕ್ಕೆ ಇಪ್ಪತ್ನಾಲ್ಕು ಕೆಂಪು ಕೋಟು, ಜರಿ ಪಟ್ಟಿಯ ಇಪ್ಪತ್ನಾಲ್ಕು ಪ್ಯಾಂಟು. ಭಾನುವಾರ ಸಂಜೆ ಹಲಸೂರಿನ ದೊಡ್ಡ ಮನೆಯೊಂದರ ಮದುವೆ ಮೆರವಣಿಗೆಯಲ್ಲಿ ಅವರು ಅದನ್ನೇ ತೊಟ್ಟು ಬಾರಿಸಬೇಕು. ಶುಕ್ರವಾರದ ಹೊತ್ತಿಗೆ ಹೊಲಿಗೆ ಮುಗಿದಿತ್ತು, ಇಸ್ತ್ರಿ ಬಾಕಿ. ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಮಾವ ಹತ್ತಿರ ಸೇರಿಸುತ್ತಿರಲಿಲ್ಲ. ಹಿಂದೊಮ್ಮೆ ಅದರ ಕಿಡಿ ಹಾರಿ ಮದುಮಗನ ಕೋಟಿಗೇ ತೂತು ಬಿದ್ದಿತ್ತು. ಕರೆಂಟಿನ ಪೆಟ್ಟಿಗೆ ನಾಲ್ಕಿದ್ದವು. ಮಾವ ಇನ್ನೆರಡು ಕೊಂಡು ತಂದು, ಅವಕ್ಕೆ ಪ್ಲಗ್ ಕೂರಿಸಲು ಲೈಟ್ ಮೇಸ್ತ್ರಿಗೆ ಹೇಳಿಕಳಿಸಿದರು.

ಮೇಸ್ತ್ರಿ ಬಂದವರೇ ಗೋಡೆ ಮುಟ್ಟಿದರು. ಮೇಲಕ್ಕೆ ಹೋದರು. ಚಾವಣಿಗೆ ಅಂಟಿಕೊಂಡಂತೆ ಮರದ ಪಟ್ಟಿಯೊಳಗೆ ಹಾದುಹೋಗಿದ್ದ ವೈರನ್ನು, ಅದರ ಮೇಲಿನ ಶೀಟನ್ನು ನೋಡಿದರು. ಕೆಳಗಿಳಿದು ಬಂದು, "ಆಗಲ್ಲ ಯಜಮಾನ್ರೇ" ಎಂದರು.

"ಏನಯ್ಯ ಆಗಲ್ಲ?"

"ಆರು ಪೆಟ್ಟಿಗೆ ಆಗಲ್ಲ. ನಾಲ್ಕೇ ಜಾಸ್ತಿ. ಮಧ್ಯಾಹ್ನ ಆದ್ರೆ ಮೂರು."

ಮಾವ ನನ್ನ ಕಡೆ ನೋಡಿದರು. ನನ್ನ ಓದು ಉಪಯೋಗಕ್ಕೆ ಬರುವ ಗಳಿಗೆ ಒದಗಿತೆಂದು ನನಗೂ ಹುಮ್ಮಸ್ಸು. ಪುಸ್ತಕ ತಂದು ಪಟ್ಟಿ ತೆಗೆದೆ. ವೈರಿನ ದಪ್ಪಕ್ಕೆ ಹದಿನೈದು ಆಂಪಿಯರ್ ಎಂದಿತ್ತು. ಒಂದು ಪೆಟ್ಟಿಗೆಗೆ ಎರಡು, ಆರಕ್ಕೆ ಹನ್ನೆರಡು. "ಇನ್ನೂ ಮೂರು ಉಳಿಯುತ್ತೆ ಮೇಸ್ತ್ರಿ" ಎಂದು ಸ್ವಲ್ಪ ಕೊಬ್ಬಿನಿಂದಲೇ ಹೇಳಿದೆ.

ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಇಂಗ್ಲಿಷು ಓದಲು ಅವರಿಗೆ ಬರುತ್ತಿರಲಿಲ್ಲ. ಆದರೆ ಬೆರಳು ನೇರ ಪುಟದ ಕೆಳತುದಿಗೆ ಹೋಯಿತು. "ಲೆಕ್ಕ ಸರಿಯಾಗಿದೆ ಬಿ.ಎಸ್ಸಿ. ಸಾರ್. ಇಲ್ಲಿ ಸಣ್ಣ ಅಕ್ಷರ ಇದೆಯಲ್ಲ, ಅದನ್ನೂ ಸ್ವಲ್ಪ ಓದಿ. ಬ್ಯಾರಕ್ಕಲ್ಲಿ ಒಬ್ಬ ಸಾರ್ಜೆಂಟು ನಂಗೆ ಓದಿ ಹೇಳಿದ್ದ."

ಓದಿದೆ. ಈ ಲೆಕ್ಕ ಸಾಧಾರಣ ತಂಪಿರುವ ಕೋಣೆಗೆ. ಅದಕ್ಕಿಂತ ಬಿಸಿಯಾದ ಜಾಗದಲ್ಲಿ ಹೊರೆಯನ್ನು ಕಡಿಮೆ ಮಾಡತಕ್ಕದ್ದು ಎಂದಿತ್ತು. ಪರೀಕ್ಷೆಯಲ್ಲಿ ಯಾರೂ ಕೇಳದ ಸಾಲು. ಎರಡು ವರ್ಷ ಆ ಪುಟವನ್ನು ತಿರುವಿದ್ದೆ, ಆ ಸಾಲನ್ನು ಕಂಡಿರಲಿಲ್ಲ.

"ಬಿಸಿ ಅಂದ್ರೆ ಎಷ್ಟು ಬಿಸಿ?" ಮಾವ ಕೇಳಿದರು. "ದಂಡಲ್ಲಿ ಎಲ್ಲ ಅಂಗಡೀನೂ ಬಿಸಿನೇ."

ಮೇಸ್ತ್ರಿ ಚೀಲದಿಂದ ಮೇಣದಬತ್ತಿ ತೆಗೆದರು. ಮೇಲೆ ಹೋಗಿ, ಏಣಿ ಹತ್ತಿ, ವೈರಿನ ಪಕ್ಕದಲ್ಲೇ ಮರದ ಪಟ್ಟಿಗೆ ಅದನ್ನು ಅಡ್ಡಲಾಗಿ, ಅರ್ಧ ಹೊರಚಾಚಿದಂತೆ ಕಟ್ಟಿದರು. ಹಚ್ಚಲಿಲ್ಲ. "ಊಟ ಮಾಡ್ಕೊಂಡು ಬನ್ನಿ" ಎಂದರು. ಇಸ್ತ್ರಿಗಳನ್ನೆಲ್ಲ ಆರಿಸುವಂತೆ ಹೇಳಿದರು.

ನಾವು ಊಟ ಮುಗಿಸಿ ಬರುವಷ್ಟರಲ್ಲಿ ಮೇಣದಬತ್ತಿ ನಡು ಮುರಿದ ಮುದುಕನಂತೆ ಕೆಳಕ್ಕೆ ಬಾಗಿ ನೇತಾಡುತ್ತಿತ್ತು. ಹೊಲಿಗೆಯವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕತ್ತೆತ್ತಿ ನೋಡಿದರು.

"ಇದು ಬರೀ ಸೂರ್ಯಂದು" ಎಂದರು ಮೇಸ್ತ್ರಿ. "ಇನ್ನೂ ಕರೆಂಟೇ ಹರಿದಿಲ್ಲ. ಹರಿದ್ರೆ ಒಳಗಿನ ತಾಮ್ರನೂ ಕಾಯುತ್ತೆ. ಆ ಬಿಸಿ ಹೊರಗೆ ಹೋಗ್ಬೇಕಲ್ಲ, ಎಲ್ಲಿಗೆ ಹೋಗುತ್ತೆ? ಹೊರಗೂ ಬಿಸಿನೇ. ಸ್ಟೇಷನ್ ಕೂಲಿಯೋನು ನೋಡಿ, ಡಿಸೆಂಬರಲ್ಲಿ ಎರಡು ಟ್ರಂಕು ಹೊರ್ತಾನೆ. ಈ ಬಿಸ್ಲಲ್ಲಿ ಅವನ ತಲೆ ಮೇಲೆ ಎರಡು ಇಟ್ರೆ ಬಿದ್ದೋಗ್ತಾನೆ. ತಪ್ಪು ಅವಂದಾ?"

ಆಮೇಲೆ ಕೆಳಗಿನ ಫ್ಯೂಸು ಕಿತ್ತು ಬಂದು, ಪಟ್ಟಿಯ ಮುಚ್ಚಳವನ್ನು ಒಂದು ಗೇಣು ಬಿಚ್ಚಿ, ವೈರನ್ನು ಬೆರಳಲ್ಲಿ ಬಗ್ಗಿಸಿ ತೋರಿಸಿದರು. ರಬ್ಬರು ಹಳೆಯ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು. ಒಳಗೆ ತಾಮ್ರ ಹೊಳೆಯಿತು. ಅದರಿಂದ ಒಂದಂಗುಲ ದೂರದಲ್ಲಿ ಒಣಗಿದ ಮರ. ಅದರ ಕೆಳಗೆ ಬಟ್ಟೆಯ ರಾಶಿ.

ಮಾವನ ಮುಖ ಬಿಳುಪೇರಿತು. ಆದರೆ ಭಾನುವಾರ ಹತ್ತಿರವಿತ್ತು. "ಹೆಚ್ಚಾದ್ರೆ ಫ್ಯೂಸು ಹೋಗುತ್ತಲ್ಲ? ಅದನ್ನ ಯಾತಕ್ಕೆ ಇಟ್ಟಿರೋದು?" ಎಂದರು.

"ಫ್ಯೂಸು ಇರೋದು ಎಲ್ಲಿ ಯಜಮಾನ್ರೇ? ಕೆಳಗೆ, ನೆರಳಲ್ಲಿ, ನಿಮ್ಮ ಕುರ್ಚಿ ಪಕ್ಕ ತಣ್ಣಗೆ ಕೂತಿರುತ್ತೆ. ಮೇಲಿನ ಬೇಗೆ ಅದಕ್ಕೇನು ಗೊತ್ತು? ಹನ್ನೆರಡು ಆಂಪಿಯರು ತಾನೇ, ಹೋಗ್ಲಿ ಅನ್ನುತ್ತೆ."

ಮಾವ ಸೋಲುವವರಲ್ಲ. "ನಿನ್ ಕೈಲಿ ಆಗ್ದಿದ್ರೆ ಬೇರೆಯವ್ರನ್ನ ಕರೆಸ್ತೀನಿ" ಎಂದು ಗುಡುಗಿದರು.

ಮೇಸ್ತ್ರಿ ಕೋಪಿಸಿಕೊಳ್ಳಲಿಲ್ಲ. ಕಿತ್ತ ಫ್ಯೂಸನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಯ ಹೊಸ್ತಿಲ ಮೇಲೆ ಕೂತುಬಿಟ್ಟರು. "ಕರೆಸಿ. ಅವ್ನು ಬಂದು ಮೇಲೆ ನೋಡಿ, ಆಗುತ್ತೆ ಅಂತ ನನ್ನ ಮುಖ ನೋಡಿ ಹೇಳ್ಲಿ, ಅವ್ನ ಕೈಗೇ ಕೊಟ್ಟು ಹೋಗ್ತೀನಿ. ಮೇಲೆ ಒಂಬತ್ತು ಜನ ಇದಾರೆ. ಇಳಿಯೋಕೆ ಮೆಟ್ಲು ಒಂದೇ. ನಾನು ನೋಡ್ದೆ ಇದ್ದಿದ್ರೆ ಬೇರೆ ಮಾತು. ನೋಡ್ಬಿಟ್ಟಿದೀನಲ್ಲ."

ಆ ಮಾತು ಮೇಲಕ್ಕೂ ಕೇಳಿಸಿತು. ಮೇಲಿನಿಂದ ಒಬ್ಬೊಬ್ಬರಾಗಿ ಹೊಲಿಗೆಯವರು ಇಳಿದು ಬಂದರು. ಬಂದು ಮೇಸ್ತ್ರಿಯ ಹಿಂದೆ ನಿಂತರು, ಅಷ್ಟೆ. ಮಾವ ಅವರನ್ನೆಲ್ಲ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಕೊನೆಗೆ ನನ್ನ ಪುಸ್ತಕವನ್ನು ನೋಡಿದರು. ನಾನು ಅದನ್ನು ಮುಚ್ಚಿ ಬೆನ್ನ ಹಿಂದೆ ಇಟ್ಟುಕೊಂಡೆ.

"ಹಾಗಾದ್ರೆ ಏನ್ ಮಾಡೋದು, ಅದನ್ನಾದ್ರೂ ಹೇಳಿ" ಎಂದರು ಮಾವ. ಅಲ್ಲಿಯವರೆಗೆ 'ನೀನು' ಎನ್ನುತ್ತಿದ್ದವರು 'ಹೇಳಿ' ಎಂದದ್ದನ್ನು ನಾನು ಗಮನಿಸಿದೆ. ಮೇಸ್ತ್ರಿಯೂ ಗಮನಿಸಿದರೆಂದು ಕಾಣುತ್ತದೆ. ತಟ್ಟನೆ ಎದ್ದು ನಿಂತರು.

ದಪ್ಪ ವೈರು ಹಾಕೋಣವೆಂದರೆ ಯುದ್ಧದಿಂದಾಗಿ ಎಲ್ಲೂ ಸಿಗುತ್ತಿರಲಿಲ್ಲ. ಮೇಸ್ತ್ರಿ ಹೇಳಿದ ಉಪಾಯ ಬೇರೆ. ತಂತಿಗೆ ಬಲ ಕೊಡಲು ಆಗದಿದ್ದರೆ ಬಿಸಿಯನ್ನಾದರೂ ಇಳಿಸೋಣ. ವೈರನ್ನು ಚಾವಣಿಯಿಂದ ಕೆಳಕ್ಕೆ ತಂದು, ಬಿಸಿಲು ತಾಗದ ಬಡಗು ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಓಡಿಸುವುದು. ಸುಟ್ಟು ಹೋದ ಭಾಗವನ್ನು ಕತ್ತರಿಸಿ ಎಸೆಯುವುದು. ದಾರಿ ಹತ್ತಿರವಾಗುವುದರಿಂದ ಉಳಿದದ್ದೇ ಸಾಕಾಗುತ್ತದೆ. ಶೀಟಿನ ಮೇಲೆ ದಪ್ಪಗೆ ಸುಣ್ಣ ಬಳಿಯುವುದು. ಬಿಸಿಲೇರಿದ ಮೇಲೆ ಒದ್ದೆ ಗೋಣಿಚೀಲ ಹಾಸುವುದು. ವೈರಿನ ಕೆಲಸಕ್ಕೆ ಶನಿವಾರ ಪೂರ್ತಿ ಬೇಕು. ಸುಣ್ಣಕ್ಕೆ ಆಳು ಬೇಕು.

ಆಳು ಸಿಕ್ಕಿದ್ದು ಶನಿವಾರ ಬೆಳಗ್ಗೆ. ಕೋಟು ಎಷ್ಟರಮಟ್ಟಿಗೆ ಬಂತು ಎಂದು ವಿಚಾರಿಸಲು ಬ್ಯಾಂಡ್ ಮಾಸ್ಟರ್ ಸಾಹೇಬರು ಬಂದರು. ಎತ್ತರದ ಆಳು, ಮೆಹಂದಿ ಹಚ್ಚಿದ ಗಡ್ಡ. ಇಸ್ತ್ರಿಯಾಗದ ಇಪ್ಪತ್ನಾಲ್ಕು ಕೋಟು ಮುದುಡಿ ಬಿದ್ದಿರುವುದನ್ನು ಕಂಡು ಎದೆ ಹಿಡಿದುಕೊಂಡರು. ಮೇಸ್ತ್ರಿ ಅವರನ್ನು ಮೇಲೆ ಕರೆದೊಯ್ದು ಬಾಗಿದ ಮೇಣದಬತ್ತಿ ತೋರಿಸಿ, ಎಲ್ಲವನ್ನೂ ಹೇಳಿದರು. ಸಾಹೇಬರು ಮೇಣದಬತ್ತಿಯನ್ನು ಬೆರಳಿಂದ ಒಮ್ಮೆ ತಟ್ಟಿದರು.

"ಅರೆ ಭಾಯ್, ಇದ್ರ ಕೆಳಗೆ ನಮ್ ಕೋಟಾ?" ಎಂದರು. "ಸುಣ್ಣಕ್ಕೆ ಎಷ್ಟ್ ಜನ ಬೇಕು?"

"ನಾಲ್ಕು ಜನ ಆದ್ರೆ ಸಾಕು."

ಹನ್ನೊಂದು ಜನ ಬಂದರು. ಡ್ರಮ್ಮಿನವರು, ಕಹಳೆಯವರು, ತಾಳದವರು. ಪಂಚೆ, ಲುಂಗಿ ಎತ್ತಿ ಕಟ್ಟಿ ಚಾವಣಿ ಹತ್ತಿದರು. ದೊಡ್ಡ ಡ್ರಮ್ಮಿನವನು ಭಾರಿ ಆಸಾಮಿ. ಅವನನ್ನು ಶೀಟಿನ ಮೇಲೆ ಬಿಡಲು ಮೇಸ್ತ್ರಿ ಒಪ್ಪಲಿಲ್ಲ. "ಶೀಟಿಗೂ ಒಂದು ಲೆಕ್ಕ ಇದೆ ತಂಬಿ" ಎಂದು ಅವನನ್ನು ಕೆಳಗೇ ನಿಲ್ಲಿಸಿ ಸುಣ್ಣ ಕಲಸಲು ಹಚ್ಚಿದರು. ಕ್ಲಾರಿಯೊನೆಟ್ಟಿನವನು ಕೈ ಗಲೀಜಾಗುತ್ತದೆಂದು ನೆಪ ಹೇಳಿ, ಎದುರು ಮನೆಯ ಜಗುಲಿಯಲ್ಲಿ ಕೂತು ಮದುವೆಯ ಹಾಡು ಊದತೊಡಗಿದ. ಆ ಲಯಕ್ಕೆ ಮೇಲೆ ಒಂಬತ್ತು ಜನರ ಬ್ರಷ್ಷು ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿತ್ತು. ಬೀದಿಯಲ್ಲಿ ಜಟಕಾಗಳು ನಿಂತವು. ಬೇಕರಿಯವನು ಒಂದು ತಟ್ಟೆ ಬನ್ನು ಕಳಿಸಿದ. ಮಾವ ಮೊದಲು ತಲೆ ಮೇಲೆ ಕೈ ಹೊತ್ತು ಕೂತಿದ್ದರು; ಆಮೇಲೆ ನೋಡಿದರೆ ಏಣಿಯ ಮೇಲೆ ನಿಂತು ಸುಣ್ಣದ ಬಕೆಟ್ಟು ಮೇಲಕ್ಕೆ ಕೊಡುತ್ತಿದ್ದರು.

ಒಳಗೆ ಮೇಸ್ತ್ರಿ ಮಂಡಿಯೂರಿ ವೈರು ಓಡಿಸುತ್ತಿದ್ದರು. ನಾನು ಮರದ ಪಟ್ಟಿ ಹಿಡಿದುಕೊಂಡಿದ್ದೆ. ಅವರು ಹೇಳಿದಂತೆ ಪುಸ್ತಕದ ಸಣ್ಣ ಅಕ್ಷರಗಳನ್ನೆಲ್ಲ ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಕೆಲವಕ್ಕೆ "ಹೌದು" ಎನ್ನುತ್ತಿದ್ದರು. ಕೆಲವಕ್ಕೆ "ಓ, ಅದು ಹಂಗಾ!" ಎಂದು ಮಗುವಿನಂತೆ ಹಿಗ್ಗುತ್ತಿದ್ದರು. ಇಪ್ಪತ್ತು ವರ್ಷ ಕೈಯಿಂದ ಬಲ್ಲ ಸಂಗತಿ ಕಾಗದದ ಮೇಲೂ ಇದೆಯೆಂದು ತಿಳಿದಾಗ ಆ ಮುಖದಲ್ಲಿ ಮೂಡಿದ ಬೆಳಕು ನನ್ನ ಯಾವ ಮೇಷ್ಟ್ರ ಮುಖದಲ್ಲೂ ಕಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ನಾಲ್ಕು ಪೆಟ್ಟಿಗೆ ಹಚ್ಚಿದೆವು. ಬೆಳ್ಳಗೆ ಹೊಳೆಯುವ ಚಾವಣಿ, ಮೇಲೆ ಒದ್ದೆ ಗೋಣಿ. ಹನ್ನೆರಡು ಗಂಟೆಗೆ ಮೇಸ್ತ್ರಿ ಕೆಳಕ್ಕೆ ತಂದ ವೈರಿನ ಪಕ್ಕ ಇನ್ನೊಂದು ಮೇಣದಬತ್ತಿ ಅಡ್ಡ ಕಟ್ಟಿದರು. ಒಂದು ಗಂಟೆಯಾದರೂ ಅದು ಸಿಪಾಯಿಯಂತೆ ನೆಟ್ಟಗಿತ್ತು. ಅಂಗೈಯನ್ನು ಪಟ್ಟಿಯ ಉದ್ದಕ್ಕೂ ಸವರಿ ನೋಡಿ, "ಐದನೇದು ಹಾಕ್ಕೊಳ್ಳಿ" ಎಂದರು.

"ಆರನೇದು?" ಮಾವ ಆಸೆಯಿಂದ ಕೇಳಿದರು.

"ಮಳೆಗಾಲ ಬರ್ಲಿ. ಆಗ ನೋಡೋಣ."

ಮಾವ ನಕ್ಕುಬಿಟ್ಟರು. ಆರನೆಯ ಪೆಟ್ಟಿಗೆಯನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟರು.

ನಾಲ್ಕು ಗಂಟೆಗೆ ಕೊನೆಯ ಕೋಟು ಇಳಿಯಿತು. ಇಪ್ಪತ್ನಾಲ್ಕು ಜನ ನಮ್ಮ ಅಂಗಡಿಯಲ್ಲೇ ತೊಟ್ಟುಕೊಂಡರು. ಗೆರೆ ಅಂದರೆ ಗೆರೆ, ಒಂದು ಸುಕ್ಕಿಲ್ಲ. ಅಡ್ಡರಸ್ತೆಯಲ್ಲಿ ಕೆಂಪಗೆ ಸಾಲು ನಿಂತಾಗ ಮಾವನ ಕಣ್ಣು ಒದ್ದೆಯಾಗಿತ್ತು. ಮೇಸ್ತ್ರಿ ಆಗಲೇ ಸೈಕಲ್ಲಿಗೆ ಏಣಿ ಕಟ್ಟುತ್ತಿದ್ದರು. ಬ್ಯಾಂಡ್ ಮಾಸ್ಟರು ಅವರನ್ನು ತಡೆದರು.

"ಎಲ್ಲಿ ಮನೆ ಮೇಸ್ತ್ರಿ?"

"ಮರ್ಫಿ ಟೌನು."

"ಹಲಸೂರಿನ ಪಕ್ಕದಲ್ಲೇ ಆಯ್ತಲ್ಲ! ನಿಮ್ ಮನೆ ಮುಂದೆ ಒಂದು ಹಾಡು ಬಾರ್ಸಿ ಹೋಗ್ತೀವಿ. ಹೊಸ ಕೋಟಿನ ಮೊದಲ್ನೇ ಹಾಡು."

ಎರಡು ದಿನ ಯಾರಿಗೂ ಜಗ್ಗದೆ ನಿಂತಿದ್ದ ಮನುಷ್ಯ ತಡವರಿಸಿದರು. "ನಮ್ ಬೀದಿಗಾ?" ಎಂದರು. "ನಮ್ ಬೀದಿಗೆ ಬರ್ತೀರಾ?"

"ಬೀದಿ ಅಂದ್ಮೇಲೆ ಬೀದಿ ಸಾಬ್. ನಡೀರಿ."

ನಾನೂ ಹೊರಟೆ. ಅವರ ಸೈಕಲ್ಲು ತಳ್ಳುವ ಕೆಲಸ ನನಗೆ. ಹಲಸೂರು ಕೆರೆಯ ದಂಡೆ ಹಿಡಿದು, ಮರ್ಫಿ ಟೌನಿನ ಸಾಲುಮನೆಗಳ ನಡುವೆ ಕೆಂಪು ಕೋಟಿನ ತಂಡ ಒಳಗೆ ನಡೆದಾಗ ಕಿಟಕಿ ಬಾಗಿಲುಗಳೆಲ್ಲ ತೆರೆದುಕೊಂಡವು. ಮೇಸ್ತ್ರಿಯ ಮನೆಯ ಮುಂದೆ ಡ್ರಮ್ಮು ಗುಡುಗಿತು, ಕಹಳೆಗಳು ಎದ್ದವು. ಅವರ ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಓಡಿ ಬಂದರು. ಇಪ್ಪತ್ನಾಲ್ಕು ಜನರನ್ನು ನೋಡಿದರು, ಗಂಡನನ್ನು ನೋಡಿದರು.

"ಯಾರ್ ಮದ್ವೆ?"

ಮೇಸ್ತ್ರಿ ನೆಲ ನೋಡಿದರು. ಆಮೇಲೆ ಮೆಲ್ಲಗೆ, "ನಮ್ದೇ ಅನ್ಕೋ" ಎಂದರು.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೆಂದುಕೊಂಡೆ. ಹಾಡು ಮುಗಿದಾಗ ಆಕೆ ಬ್ಯಾಂಡ್ ಮಾಸ್ಟರರ ಕಡೆ ತಿರುಗಿ ಹೇಳಿದರು: "ನಮ್ ಮದ್ವೇಲಿ ವಾಲಗ ಇರ್ಲಿಲ್ಲ ಸಾಮಿ. ನನ್ ತವರು ಕೃಷ್ಣರಾಜಪುರದ ಆಚೆ. ನಮ್ ಜಾತಿಯೋರು ಬಾರಿಸ್ಕೊಂಡು ಅವ್ರ ಬೀದೀಲಿ ಬರ್ಬಾರ್ದು ಅಂತ ಊರ್ನೋರು ಅಡ್ಡ ನಿಂತ್ರು. ಒಂದು ತಮಟೆನೂ ಇಲ್ದೆ, ಗದ್ದೆ ಬದುವಿನ ಮೇಲೆ ಇಬ್ರೂ ಹಿಂದೆ ಮುಂದೆ ನಡ್ಕೊಂಡ್ ಬಂದ್ವಿ. ಇಪ್ಪತ್ತೆರಡು ವರ್ಷ ಆಯ್ತು."

ನಾನು ಸೈಕಲ್ಲಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ನಿಂತೆ. ಎರಡು ದಿನ ಅವರ ಜೊತೆ ಕೂತು ತಾಮ್ರದ ಬಗ್ಗೆ, ರಬ್ಬರಿನ ಬಗ್ಗೆ ಎಷ್ಟೆಲ್ಲ ಕೇಳಿದ್ದೆ, ಇದನ್ನು ಕೇಳಿರಲಿಲ್ಲ.

ಬ್ಯಾಂಡ್ ಮಾಸ್ಟರು ಗಡ್ಡ ಸವರಿಕೊಂಡು ತಮ್ಮವರ ಕಡೆ ತಿರುಗಿದರು. "ಮೆರವಣಿಗೆ ಅಂದ್ರೆ ನಿಂತಲ್ಲೇ ಬಾರ್ಸೋದಲ್ಲ. ಸಾಲು ಹಿಡೀರಿ" ಎಂದು ಕೂಗಿದರು. ಪಕ್ಕದ ಮನೆಯ ಅಜ್ಜಿ ಒಂದು ಮೊಳ ಕನಕಾಂಬರ ತಂದು ಆಕೆಯ ಮುಡಿಗೆ ಸಿಕ್ಕಿಸಿದಳು. ಯಾರೋ ಆಕೆಯ ಕೈಯಿಂದ ಸೌಟು ಇಸಿದುಕೊಂಡರು. ಗಂಡಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಬ್ಯಾಂಡು ಹೊರಟಿತು. ಮೇಸ್ತ್ರಿಯ ಅಂಗಿಯ ತುಂಬ ಸುಣ್ಣದ ಚುಕ್ಕೆ. ಮೊದಲ ಬೀದಿಯಲ್ಲಿ ಅವರು ತಲೆ ತಗ್ಗಿಸಿಯೇ ನಡೆದರು. ಎರಡನೆಯ ಬೀದಿಯಲ್ಲಿ ತಲೆ ಎತ್ತಿದರು. ಮೂರನೆಯದರಲ್ಲಿ ಹೆಂಡತಿಯ ಕೈ ಹಿಡಿದರು. ನಾಲ್ಕನೆಯ ಬೀದಿಗೆ ಬರುವಷ್ಟರಲ್ಲಿ ಇಡೀ ಮರ್ಫಿ ಟೌನು ಹಿಂದೆ ಕುಣಿಯುತ್ತಿತ್ತು, ನಾನು ಸೈಕಲ್ಲನ್ನು ಯಾರದೋ ಜಗುಲಿಗೆ ಒರಗಿಸಿ ಬಂದು ಸೇರಿಕೊಂಡಿದ್ದೆ.

ಹಲಸೂರಿನ ಮದುವೆ ಮನೆ ತಲುಪಿದಾಗ ಗಂಡಿನ ತಂದೆ ಬಾಗಿಲಲ್ಲೇ ಕೆಂಡವಾಗಿ ನಿಂತಿದ್ದರು. "ಏನ್ರೀ ಇದು? ಮುಕ್ಕಾಲು ಗಂಟೆ ಲೇಟು!"

ಬ್ಯಾಂಡ್ ಮಾಸ್ಟರು ಸಲಾಮು ಹೊಡೆದರು. "ದಾರೀಲಿ ಇನ್ನೊಂದು ಮದ್ವೆ ಇತ್ತು ಸಾಬ್. ಅದು ಇಪ್ಪತ್ತೆರಡು ವರ್ಷ ಲೇಟಾಗಿತ್ತು."